ಚಪ್ಪಲಿ ಗೇಟಿನ ಹತ್ತಿರ, ನಾನು ಒಳಗೆ

ನನಗೆ ನೋವಿರುವುದು ಬಲಗಾಲಿನ ಮೂರನೇ ಮತ್ತು ನಾಲ್ಕನೇ ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ. ಹಿಮ್ಮಡಿಯಲ್ಲಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪಾದ ನೋವು ಅಂದ ಕೂಡಲೇ ಎಲ್ಲರೂ ಇಟ್ಟಿಗೆ ಬಿಸಿ ಮಾಡು, ಎಕ್ಕದ ಎಲೆ ಇಟ್ಟು ಹಿಮ್ಮಡಿ ಒತ್ತು ಅಂತ ಶುರು ಮಾಡುತ್ತಾರೆ. ನೋಡಿದರೆ ಏನೂ ಕಾಣುವುದಿಲ್ಲ. ಊತ ಇಲ್ಲ, ಕೆಂಪಾಗಿಲ್ಲ. ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ಸ್ವಲ್ಪ ಹೊತ್ತು ನಿಂತರೆ ಮಾತ್ರ ಅಂಗಾಲ ಕೆಳಗೆ ಹುಣಸೆ ಬೀಜ ಸಿಕ್ಕಿಕೊಂಡ ಹಾಗೆ ಒತ್ತುತ್ತದೆ. ಆಮೇಲೆ ಆ ಎರಡು ಬೆರಳು ಜುಮ್ ಅನ್ನುತ್ತವೆ.

ಹೋದ ವರ್ಷ ತುಮಕೂರಿನ ಕ್ಯಾತ್ಸಂದ್ರದ ಹತ್ತಿರ ಚಿಕ್ಕಮ್ಮನ ಮಗಳ ಗೃಹಪ್ರವೇಶ ಇತ್ತು. ಮನೆ ತುಂಬಾ ಗ್ರಾನೈಟ್, ಮುಖ ಕಾಣುವಷ್ಟು ಪಾಲಿಶ್. ನನ್ನ ಚಪ್ಪಲಿಯೊಳಗೆ ಡಾಕ್ಟರ್ ಹೇಳಿದ ಸಣ್ಣ ಪ್ಯಾಡ್ ಅಂಟಿಸಿಕೊಂಡಿದ್ದೇನೆ, ಅದಿದ್ದರೆ ಒಂದು ಮಟ್ಟಿಗೆ ನಡೆಯುತ್ತದೆ. ಆದರೆ ಹೊಸ ಮನೆ, ಒಳಗೆ ಹೋಮ ನಡೆಯುತ್ತಿದೆ. ಚಪ್ಪಲಿ ಗೇಟಿನ ಹತ್ತಿರ, ನಾನು ಒಳಗೆ.

ಹಸು ಬಂದು ಹೋಯಿತು, ಹಾಲು ಉಕ್ಕಿತು, ಅಲ್ಲಿವರೆಗೂ ಹೇಗೋ ತಳ್ಳಿದೆ. ಆಮೇಲೆ ತಂಗಿ ಕೈ ಹಿಡಿದುಕೊಂಡು "ಅಕ್ಕ, ಮೇಲೆ ಮನೆ ತೋರಿಸ್ತೀನಿ ಬಾ" ಅಂದಳು. ಮೆಟ್ಟಿಲು ಹತ್ತುವಾಗ ನಾವು ಇಡೀ ಪಾದ ಊರುವುದಿಲ್ಲ, ಮುಂಭಾಗದ ಮೇಲೇ ಭಾರ ಬಿಡುತ್ತೇವೆ. ಇದು ನೋವು ಬಂದ ಮೇಲೇ ಗೊತ್ತಾಗುವ ವಿಷಯ. ಅವಳು ವಾರ್ಡ್‌ರೋಬ್ ತೆಗೆದು ತೋರಿಸುತ್ತಿದ್ದಾಗ ನಾನು ನೋಡುತ್ತಿದ್ದದ್ದು ಕೂರೋಕೆ ಏನಾದರೂ ಇದೆಯಾ ಅಂತ. ಸಾಲ ಮಾಡಿ ಆಸೆಯಿಂದ ಕಟ್ಟಿಸಿದ ಮನೆ, ಅದರ ಒಂದು ರೂಮೂ ನನಗೆ ಸರಿಯಾಗಿ ನೆನಪಿಲ್ಲ.

ಊಟದ ಹೊತ್ತಿಗೆ ನಮ್ಮ ಮನೆಯ ಹೆಂಗಸರೆಲ್ಲ ಬಡಿಸಲು ಎದ್ದರು. ನಾನು ಕೋಸಂಬರಿ ಪಾತ್ರೆ ಹಿಡಿದು ಒಂದು ಪಂಕ್ತಿ ಮುಗಿಸಿದೆ, ಎರಡನೇ ಪಂಕ್ತಿಗೆ ಆಗಲಿಲ್ಲ. ಮೂಲೆಯ ಕುರ್ಚಿಯಲ್ಲಿ ಕೂತೆ. ಪಕ್ಕದಲ್ಲೇ ಅತ್ತಿಗೆಯೊಬ್ಬರು ಮಂಡಿ ನೋವು ಅಂತ ಬೆಳಗಿನಿಂದ ಕೂತಿದ್ದರು, ಅವರಿಗೆ ಎಲೆ, ನೀರು, ಪಾಯಸ ಎಲ್ಲ ಕೂತಲ್ಲಿಗೇ ಬಂತು. ನನಗೆ ಬಂದದ್ದು "ಇವಳಿಗೇನಾಯ್ತು, ಚೆನ್ನಾಗೇ ಇದಾಳಲ್ಲ" ಅನ್ನುವ ಮಾತು. ನಮ್ಮಲ್ಲಿ ಮಂಡಿ ನೋವಿಗೊಂದು ಮರ್ಯಾದೆ ಇದೆ. ಬೆರಳ ಬುಡದ ನೋವಿಗೆ ಇನ್ನೂ ಆ ಪಟ್ಟ ಸಿಕ್ಕಿಲ್ಲ.

ಹೆಸರೇನೋ ಇದೆ, ಮಾರ್ಟನ್ಸ್ ನ್ಯೂರೋಮಾ ಅಂತ. ಫಿಲಡೆಲ್ಫಿಯಾದ ಸರ್ಜನ್ ಥಾಮಸ್ ಮಾರ್ಟನ್ 1876ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಮೂಳೆ ಡಾಕ್ಟರ್ ನನ್ನ ಪಾದವನ್ನು ಎರಡೂ ಬದಿಯಿಂದ ಅದುಮಿ ಹಿಡಿದು ಬೆರಳ ಸಂದಿಯಲ್ಲಿ ಒತ್ತಿದಾಗ ಒಳಗೆ ಟಕ್ ಅಂದಿತು. ಕ್ಯಾನ್ಸರ್ ಗಡ್ಡೆ ಗಿಡ್ಡೆ ಏನೂ ಅಲ್ಲ, ಬೆರಳಿಗೆ ಹೋಗುವ ನರ ಒತ್ತಡಕ್ಕೆ ಸಿಕ್ಕಿ ಅದರ ಸುತ್ತ ದಪ್ಪಗಾಗುವುದು, ಅಷ್ಟೇ ಅಂದರು. ಹೆಂಗಸರಲ್ಲಿ ಜಾಸ್ತಿ. ತುದಿ ಕಿರಿದಾದ ಚಪ್ಪಲಿ, ಹೈ ಹೀಲ್ಸ್ ಇದ್ದರೆ ಇನ್ನೂ ಕಷ್ಟ. ಹೈ ಹೀಲ್ಸ್ ನನ್ನ ಜನ್ಮದಲ್ಲಿ ಹಾಕಿಲ್ಲ. ಜೊತೆಗೆ ಬಂದಿದ್ದ ನಮ್ಮತ್ತೆ "ಕಾಲುಂಗುರ ಬಿಗಿಯಾಗಿರಬೇಕು ಡಾಕ್ಟ್ರೇ" ಅಂದರು. ಉಂಗುರ ಇರೋದು ಎರಡನೇ ಬೆರಳಲ್ಲಿ, ನೋವಿರೋದು ಅದರಾಚೆ ಅಂತ ಡಾಕ್ಟರ್ ನಕ್ಕರು. ಮುಂದೆ ಅಗಲವಾಗಿರುವ ಮೆತ್ತನೆ ಚಪ್ಪಲಿ ಹಾಕಿ, ಮೀನಖಂಡ ಎಳೆಯುವ ವ್ಯಾಯಾಮ ಮಾಡಿ, ಪ್ಯಾಡನ್ನು ನೋಯುವ ಜಾಗದ ಕೆಳಗೇ ಇಡಬೇಡಿ, ಅದಕ್ಕಿಂತ ಸ್ವಲ್ಪ ಹಿಂದಕ್ಕೆ ಇಡಿ ಅಂದರು. ಆಗ ಮೂಳೆಗಳು ಒಂಚೂರು ಎದ್ದು ಅಗಲವಾಗಿ ನರಕ್ಕೆ ಜಾಗ ಸಿಗುತ್ತದಂತೆ. ಕಡಿಮೆಯಾಗದಿದ್ದರೆ ಇಂಜೆಕ್ಷನ್, ಕೊನೆಗೆ ಆಪರೇಷನ್. ಆಪರೇಷನ್‌ನಲ್ಲಿ ನರ ತೆಗೆದರೆ ಆ ಬೆರಳ ಸಂದಿ ಮರಗಟ್ಟಿದ ಹಾಗೇ ಉಳಿಯಬಹುದು. ಅದಕ್ಕೆ ನಾನಿನ್ನೂ ತಯಾರಿಲ್ಲ.

"ಬರಿಗಾಲಲ್ಲಿ ಓಡಾಡಬೇಡಿ" ಅಂತಲೂ ಹೇಳಿದರು. ಹೇಳೋದು ಸುಲಭ. ಅಡುಗೆಮನೆ, ದೇವರ ಕೋಣೆ, ದೇವಸ್ಥಾನ, ನೆಂಟರ ಮನೆ, ಸೀರೆ ಅಂಗಡಿಯ ಹಾಸಿಗೆ, ನಮ್ಮ ಬದುಕಿನಲ್ಲಿ ಮುಖ್ಯವಾದ ಜಾಗಗಳೆಲ್ಲ ಚಪ್ಪಲಿ ಬಿಟ್ಟು ಹೋಗುವ ಜಾಗಗಳೇ ಅಲ್ವಾ? ಅಮಾನಿಕೆರೆ ಸುತ್ತ ಸಂಜೆ ವಾಕಿಂಗ್ ಕಮ್ಮಿ ಆಯ್ತು, ಅದಕ್ಕೆ ಬೇಜಾರಿದೆ, ಆದರೆ ಶೂ ಹಾಕಿಕೊಂಡು ಅರ್ಧ ಸುತ್ತಾದರೂ ಹಾಕಬಹುದು. ಸಿದ್ಧಗಂಗೆ ಬೆಟ್ಟ ಬರಿಗಾಲಲ್ಲೇ ಹತ್ತುತ್ತಿದ್ದವಳು ಈಗ ಕೆಳಗೇ ಕೈ ಮುಗಿದು ಬರುತ್ತೇನೆ. ಯಾರಾದರೂ ಕರೆದರೆ ಮೊದಲು ತಲೆಗೆ ಬರುವುದು ಅಲ್ಲಿ ಎಂಥ ನೆಲ, ಎಷ್ಟು ಹೊತ್ತು ನಿಲ್ಲಬೇಕು ಅನ್ನೋದು. ಮೈ ಹುಷಾರಿಲ್ಲ ಅಂತ ಸುಮ್ನೆ ತಪ್ಪಿಸಿಕೊಂಡದ್ದೂ ಇದೆ. ಗೇಟಿನ ಹತ್ತಿರ ನಿಂತು ಮಾತಾಡುತ್ತಿದ್ದ ಪಕ್ಕದ ಮನೆಯವರು ನನಗೆ ಕೊಬ್ಬು ಬಂದಿದೆ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಮನೆಯೊಳಗೆ ಎಂ.ಸಿ.ಆರ್. ಅನ್ನುವ ಮೆತ್ತನೆ ರಬ್ಬರ್ ಚಪ್ಪಲಿ ಹಾಕುತ್ತೇನೆ ಅಂದಾಗ ಅತ್ತೆಗೆ ತಡೆಯಲಾಗಲಿಲ್ಲ. "ಒಲೆ ಮುಂದೆ ಚಪ್ಪಲೀನಾ?" ನಾನೂ ಅಂಥಾ ಮಾತಲ್ಲೇ ಬೆಳೆದವಳು, ನನಗೂ ಮೊದಲ ದಿನ ಕಸಿವಿಸಿ ಆಯಿತು. ಕೊನೆಗೆ ರಾಜಿ ಆಯಿತು. ಆ ಜೊತೆ ಹೊಸ್ತಿಲು ದಾಟಿ ಹೊರಗೆ ಹೋಗಬಾರದು, ವಾರಕ್ಕೊಮ್ಮೆ ತೊಳೆಯಬೇಕು, ದೇವರ ಕೋಣೆಗೆ ಬರಬಾರದು. ನೈವೇದ್ಯದ ತಟ್ಟೆಯನ್ನು ನಾನು ಬಾಗಿಲವರೆಗೆ ತರುತ್ತೇನೆ, ಅಲ್ಲಿಂದ ಅತ್ತೆ ತೆಗೆದುಕೊಳ್ಳುತ್ತಾರೆ. ಸಂಜೆ ಚಪಾತಿ ಒತ್ತಿ ಮುಗಿಸುವ ಹೊತ್ತಿಗೆ ಮೊದಲಿನಷ್ಟು ಸಿಡುಕುವುದಿಲ್ಲ ನಾನು, ಇದನ್ನು ಮಗ ಹೇಳಿದ್ದು.

ಮೊನ್ನೆ ಗುಬ್ಬಿ ಕಡೆ ಒಂದು ನಿಶ್ಚಿತಾರ್ಥಕ್ಕೆ ಹೋಗಿದ್ದೆವು. ಹೋಗುತ್ತಿದ್ದಂತೆ ಕುರ್ಚಿ ಹುಡುಕಿ ಕೂತೆ. ದೊಡ್ಡಮ್ಮ ಬಂದು "ಯಾಕೇ, ಆಗಲೇ ಕೂತ್ಬಿಟ್ಟೆ?" ಅಂದರು. ನ್ಯೂರೋಮಾ, ನರ, ಪ್ಯಾಡ್ ಅಂತ ಯಾರು ವಿವರಿಸುತ್ತಾರೆ? "ಮಂಡಿ ನೋವು ದೊಡ್ಡಮ್ಮ" ಅಂದೆ. ಅಯ್ಯೋ ಪಾಪ ಅಂತ ಕಾಲು ಚಾಚೋಕೆ ಇನ್ನೊಂದು ಕುರ್ಚಿ ತರಿಸಿದರು, ಯಾವ ಎಣ್ಣೆ ಹಚ್ಚಬೇಕು ಅಂತಲೂ ಹೇಳಿದರು.