ರವೆನ್ನಾಗೆ ಹೋದರೆ ಒಂದು ರಾತ್ರಿಯಾದರೂ ಉಳಿಯಿರಿ

ಇಟಲಿ ಪ್ರವಾಸ ಎಂದರೆ ನಮ್ಮವರ ಪಟ್ಟಿಯಲ್ಲಿ ರೋಮ್, ಫ್ಲಾರೆನ್ಸ್, ವೆನಿಸ್ ಇದ್ದೇ ಇರುತ್ತವೆ. ರವೆನ್ನಾ ಇರುವುದು ಅಪರೂಪ. ಇದ್ದರೂ ಬೊಲೊನ್ಯಾದಿಂದ ಬೆಳಿಗ್ಗೆ ಹೋಗಿ ಮಧ್ಯಾಹ್ನ ಮರಳುವ ಲೆಕ್ಕ. ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲಿ ನೋಡಬೇಕಾದದ್ದೆಲ್ಲ ಕಟ್ಟಡಗಳ ಒಳಗಿದೆ, ಅದೂ ಮಂದ ಬೆಳಕಿನಲ್ಲಿ. ಅವಸರದ ಕಣ್ಣಿಗೆ ಅದು ದಕ್ಕುವುದಿಲ್ಲ.

ಸುತ್ತಲಿನ ಜೌಗು ನೆಲವೇ ಕೋಟೆಯಂತೆ ಕಾಯುತ್ತದೆ ಎಂದು ರೋಮನ್ ಚಕ್ರವರ್ತಿ ಹೊನೋರಿಯಸ್ ಕ್ರಿ.ಶ. 402ರಲ್ಲಿ ಪಶ್ಚಿಮ ಸಾಮ್ರಾಜ್ಯದ ರಾಜಧಾನಿಯನ್ನು ಇಲ್ಲಿಗೆ ತಂದ. ಆಮೇಲೆ ಗಾಥ್ ಎಂಬ ಜರ್ಮಾನಿಕ್ ಬುಡಕಟ್ಟಿನ ದೊರೆ ಥಿಯೊಡೊರಿಕ್ ಆಳಿದ. 540ರಲ್ಲಿ ಊರು ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ ಕೈಸೇರಿತು. ಆಳಿದವರೆಲ್ಲ ಗೋಡೆ, ಕಮಾನುಗಳ ಮೇಲೆ ಮೊಸಾಯಿಕ್, ಅಂದರೆ ಬಣ್ಣದ ಹರಳುಗಳನ್ನು ಜೋಡಿಸಿ ಮಾಡಿದ ಚಿತ್ರಗಳನ್ನು ಬಿಟ್ಟುಹೋದರು. ಆ ಕಾಲದ 8 ಕಟ್ಟಡಗಳು 1996ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ಬೊಲೊನ್ಯಾದಿಂದ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆಯ ದಾರಿ. ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳುವುದನ್ನು ಮರೆಯಬೇಡಿ, ಇಲ್ಲವಾದರೆ ದಂಡ. ಇಳಿದ ಮೇಲೆ ವಾಹನದ ಅಗತ್ಯವೇ ಇಲ್ಲ. ಹಳೆಯ ಊರು ಸಮತಟ್ಟು, ವಯಸ್ಸಾದವರೂ ಆರಾಮವಾಗಿ ನಡೆಯಬಹುದು. ಚರ್ಚುಗಳಿಗೆ ಒಂದೇ ಸಂಯುಕ್ತ ಟಿಕೆಟ್ ಸಿಗುತ್ತದೆ, ಆದರೆ ಹೊನೋರಿಯಸ್‌ನ ತಂಗಿ ಗಾಲ್ಲಾ ಪ್ಲಾಚಿಡಿಯಾಳ ಹೆಸರಿನ ಸಮಾಧಿಗೂ ನಿಯೋನಿಯನ್ ಬ್ಯಾಪ್ಟಿಸ್ಟ್ರಿಗೂ (ಕ್ರೈಸ್ತ ದೀಕ್ಷಾಸ್ನಾನದ ಕಟ್ಟಡ) ಪ್ರವೇಶದ ಸಮಯ ಗೊತ್ತುಮಾಡಿಕೊಳ್ಳಬೇಕು. ಇದನ್ನು ಮನೆಯಿಂದಲೇ ಆನ್‌ಲೈನ್‌ನಲ್ಲಿ ಮುಗಿಸಿ. ಭುಜ ಮುಚ್ಚುವ ಬಟ್ಟೆ ಇರಲಿ. ಒಂದು ಸಣ್ಣ ದುರ್ಬೀನು ಇದ್ದರೆ ಬಹಳ ಉಪಯೋಗ.

ನನ್ನ ಸಲಹೆ ಕೇಳಿದರೆ ಗಾಲ್ಲಾ ಪ್ಲಾಚಿಡಿಯಾದಿಂದಲೇ ಶುರುಮಾಡಿ. ಹೊರಗಿನಿಂದ ಅದು ಬರೀ ಇಟ್ಟಿಗೆಯ ಪುಟ್ಟ ಕಟ್ಟಡ, ಇದಕ್ಕಾಗಿ ಇಷ್ಟು ದೂರ ಬಂದೆವೇ ಎನ್ನಿಸುತ್ತದೆ. ಒಳಗೆ ಕಾಲಿಟ್ಟಾಗ ಮೊದಲು ಕತ್ತಲೆ. ಕಿಟಕಿಗಳಿಗೆ ಗಾಜಿನ ಬದಲು ತೆಳುವಾದ ಅಲಬಾಸ್ಟರ್ ಕಲ್ಲು ಕೂರಿಸಿರುವುದರಿಂದ ಜೇನುಬಣ್ಣದ ಬೆಳಕು ಸೋಸಿ ಬರುತ್ತದೆ. ಕಣ್ಣು ಹೊಂದಿಕೊಂಡಂತೆ ತಲೆಯ ಮೇಲೆ ಕಡುನೀಲಿ ಆಕಾಶ, ಅದರ ತುಂಬ ಚಿನ್ನದ ನಕ್ಷತ್ರಗಳು ತೆರೆದುಕೊಳ್ಳುತ್ತವೆ. ಬಟ್ಟಲಿನಲ್ಲಿ ನೀರು ಕುಡಿಯುವ ಪಾರಿವಾಳ, ಬಾಗಿಲ ಮೇಲೆ ಕುರಿಗಳ ನಡುವೆ ಕುಳಿತ ಕುರುಬನ ರೂಪದ ಕ್ರಿಸ್ತ, ಎಲ್ಲವೂ ಕೈಗೆಟಕುವಷ್ಟು ಹತ್ತಿರ. ಒಳಗಿರಲು ಬಿಡುವುದು ಕೆಲವೇ ನಿಮಿಷ. ಫೋಟೊ ತೆಗೆಯುವುದರಲ್ಲಿ ಅದನ್ನು ಕಳೆಯಬೇಡಿ.

ಅದೇ ಆವರಣದಲ್ಲಿ 547ರಲ್ಲಿ ಪ್ರತಿಷ್ಠಾಪನೆಯಾದ ಎಂಟು ಮೂಲೆಯ ಸಾನ್ ವಿಟಾಲೆ ಚರ್ಚ್ ಇದೆ. ಪೂಜಾಸ್ಥಾನದ ಒಂದು ಬದಿಯಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಜಸ್ಟಿನಿಯನ್, ಎದುರಿಗೆ ಸಾಮ್ರಾಜ್ಞಿ ಥಿಯೊಡೊರಾ, ಇಬ್ಬರೂ ಪರಿವಾರ ಸಮೇತ ನಮ್ಮನ್ನೇ ನೋಡುತ್ತ ನಿಂತಿದ್ದಾರೆ. ಇಬ್ಬರೂ ಈ ಊರಿಗೆ ಕಾಲಿಟ್ಟವರಲ್ಲ. ಥಿಯೊಡೊರಾಳ ನಿಲುವಂಗಿಯ ಅಂಚನ್ನು ಗಮನಿಸಿ, ಶಿಶು ಯೇಸುವಿಗೆ ಕಾಣಿಕೆ ಹೊತ್ತ ಮೂವರು ಜ್ಞಾನಿಗಳ ಚಿತ್ರ ಅಲ್ಲಿದೆ. ಒಂದೇ ಕಡೆ ನಿಂತು ನೋಡಬೇಡಿ. ಗಾಜಿನ ನಡುವೆ ಚಿನ್ನದ ತಗಡಿಟ್ಟು ಮಾಡಿದ ಹರಳುಗಳನ್ನು ತುಸು ಓರೆಯಾಗಿ ಕೂರಿಸಿದ್ದಾರೆ, ನಾಲ್ಕು ಹೆಜ್ಜೆ ಸರಿದರೆ ಹೊಳಪೂ ಸರಿಯುತ್ತದೆ.

ನನ್ನನ್ನು ಅತಿ ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಮಾತ್ರ ಥಿಯೊಡೊರಿಕ್ ಕಟ್ಟಿಸಿದ ಸಾಂತ್ ಅಪೊಲ್ಲಿನಾರೆ ನುವೊವೊ ಚರ್ಚ್. ಉದ್ದದ ಗೋಡೆಗಳ ಮೇಲೆ ಒಂದು ಕಡೆ ಕನ್ಯೆಯರ, ಇನ್ನೊಂದು ಕಡೆ ಹುತಾತ್ಮರ ಮೆರವಣಿಗೆ. ಹುತಾತ್ಮರ ಸಾಲು ಹೊರಡುವುದು ದೊರೆಯ ಅರಮನೆಯಿಂದ. ಆ ಅರಮನೆಯ ಕಮಾನುಗಳಲ್ಲಿ ಹಿಂದೆ ಗಾಥ್ ಆಸ್ಥಾನದವರ ಚಿತ್ರಗಳಿದ್ದವು. ಅವರು ಏರಿಯನ್ ಪಂಥದವರು, ಅಂದರೆ ಕ್ರಿಸ್ತ ದೇವರಿಗೆ ಸಮಾನನಲ್ಲ ಎನ್ನುವ ಕ್ರೈಸ್ತರು; ಉಳಿದ ಚರ್ಚಿಗೆ ಅದು ಧರ್ಮವಿರೋಧಿ. ಅಧಿಕಾರ ಬದಲಾದ ಮೇಲೆ ಅವರನ್ನು ಕಿತ್ತುಹಾಕಿ ಆ ಜಾಗದಲ್ಲಿ ಪರದೆಗಳನ್ನು ಕೂರಿಸಿದರು. ಆದರೆ ಬಿಳಿಯ ಕಂಬಗಳನ್ನು ನಿಧಾನವಾಗಿ ಹುಡುಕಿ: ಅಲ್ಲೊಂದು ಇಲ್ಲೊಂದು ಕೈ, ಬೆರಳುಗಳು ಕಂಬದ ಮೇಲೆ ಹಾಗೆಯೇ ಉಳಿದಿವೆ. ಮನುಷ್ಯ ಹೋಗಿದ್ದಾನೆ, ಅಂಗೈ ಇದೆ. ಮಾರ್ಗದರ್ಶಿ ಇಲ್ಲದೆ ಹೋದವರು ಇದನ್ನು ದಾಟಿಹೋಗುವುದೇ ಹೆಚ್ಚು, ಆದ್ದರಿಂದ ಇಷ್ಟು ವಿವರವಾಗಿ ಬರೆದೆ.

ಎರಡು ಬ್ಯಾಪ್ಟಿಸ್ಟ್ರಿಗಳಲ್ಲಿ ನಿಯೋನಿಯನ್ ಹೆಚ್ಚು ವೈಭವದ್ದು. ಏರಿಯನ್ ಪಂಥದವರದು ಚಿಕ್ಕದು, ಅದರ ಚಾವಣಿಯಲ್ಲಿ ಜೋರ್ಡಾನ್ ನದಿಯೇ ತಲೆಯ ಮೇಲೆ ಏಡಿಯ ಕೊಂಡಿಗಳಿರುವ ಮುದುಕನಾಗಿ ಕುಳಿತಿದ್ದಾನೆ. ಎರಡೂ ಇಂದಿನ ಬೀದಿಮಟ್ಟಕ್ಕಿಂತ ತಗ್ಗಿನಲ್ಲಿವೆ, ಏಕೆಂದರೆ ಈ ಊರಿನ ನೆಲ ಶತಮಾನಗಳಿಂದ ಕುಸಿಯುತ್ತಿದೆ. ಇದನ್ನು ಕಣ್ಣಾರೆ ಕಾಣಬೇಕಾದರೆ ಸಾನ್ ಫ್ರಾಂಚೆಸ್ಕೊ ಚರ್ಚಿಗೆ ಹೋಗಿ. ಅದರ ನೆಲಮಾಳಿಗೆಯಲ್ಲಿ ನೀರು ನಿಂತಿದೆ, ಹಳೆಯ ಮೊಸಾಯಿಕ್ ನೆಲದ ಮೇಲೆ ಮೀನುಗಳು ಓಡಾಡುತ್ತವೆ. ದೀಪ ಹೊತ್ತಲು ನಾಣ್ಯ ಹಾಕಬೇಕು, ಚಿಲ್ಲರೆ ಇಟ್ಟುಕೊಳ್ಳಿ.

ಪಕ್ಕದಲ್ಲೇ ಮಹಾಕವಿ ಡಾಂಟೆಯ ಸಮಾಧಿ. ಫ್ಲಾರೆನ್ಸ್ ಗಡೀಪಾರು ಮಾಡಿದ ಕವಿ 1321ರಲ್ಲಿ ಇಲ್ಲಿಯೇ ತೀರಿಕೊಂಡ. ಫ್ಲಾರೆನ್ಸ್‌ನವರು ಮುಂದೆ ಅಸ್ಥಿ ಕೇಳಿದಾಗ ಇಲ್ಲಿನ ಸನ್ಯಾಸಿಗಳು ಅದನ್ನು ಬಚ್ಚಿಟ್ಟರು, ಮತ್ತೆ ಸಿಕ್ಕಿದ್ದು 1865ರಲ್ಲಿ. ಇಂದಿಗೂ ಸಮಾಧಿಯ ದೀಪಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಬರುವುದು ಫ್ಲಾರೆನ್ಸ್‌ನಿಂದ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಇಲ್ಲಿನ ಪಿಯದಿನಾ ನಮ್ಮ ಚಪಾತಿಯಂತೆಯೇ ಕಂಡರೂ ಸಾಂಪ್ರದಾಯಿಕವಾಗಿ ಹಿಟ್ಟಿಗೆ ಹಂದಿಯ ಕೊಬ್ಬು ಬೆರೆಸುತ್ತಾರೆ. ಆಲಿವ್ ಎಣ್ಣೆಯಲ್ಲಿ ಮಾಡಿದ್ದು ಇದೆಯೇ ಎಂದು ಕೇಳಿ, ಹಲವು ಅಂಗಡಿಗಳಲ್ಲಿ ಸಿಗುತ್ತದೆ. ಒಳಗೆ ಸ್ಕ್ವಾಕ್ವೆರೋನೆ ಎಂಬ ಮೆತ್ತನೆಯ ಚೀಸ್, ಜತೆಗೆ ರುಕೋಲಾ ಸೊಪ್ಪು ಹಾಕಿಸಿಕೊಂಡರೆ ಹೊಟ್ಟೆ ತುಂಬುವ ಊಟ.

ಎರಡನೆಯ ದಿನ ಥಿಯೊಡೊರಿಕ್‌ನ ಸಮಾಧಿ ನೋಡಿ. ಹತ್ತು ಮೀಟರಿಗೂ ಅಗಲದ ಒಂದೇ ಕಲ್ಲು ಅದರ ಚಾವಣಿ. ಸಮಯ ಸಾಲದಿದ್ದರೆ ಬಿಡಬಹುದಾದದ್ದು ಇದೊಂದೇ. ಆದರೆ ಊರಾಚೆಯ ಕ್ಲಾಸ್ಸೆಯಲ್ಲಿರುವ, 549ರ ಇನ್ನೊಂದು ಸಾಂತ್ ಅಪೊಲ್ಲಿನಾರೆ ಚರ್ಚನ್ನು ಬಿಡಬೇಡಿ. ಹಿಂದೆ ರೋಮನ್ ನೌಕಾಪಡೆ ತಂಗುತ್ತಿದ್ದ ಬಂದರು ಇದು, ಈಗ ಸಮುದ್ರವೇ ದೂರ ಸರಿದಿದೆ. ಗರ್ಭಭಾಗದ ಹಸಿರು ಹುಲ್ಲುಗಾವಲು, ಸಾಲಾಗಿ ನಿಂತ ಕುರಿಗಳು ಊರೊಳಗಿನ ಯಾವ ಮೊಸಾಯಿಕ್‌ಗೂ ಹೋಲುವುದಿಲ್ಲ. ಬಸ್ಸೂ ಇದೆ, ರೈಲಿನಲ್ಲಾದರೆ ಒಂದೇ ನಿಲ್ದಾಣ. ಮರಳುವ ಗಾಡಿಯ ಸಮಯವನ್ನು ಮಾತ್ರ ಹೊರಡುವ ಮುನ್ನವೇ ನೋಡಿಕೊಳ್ಳಿ.