ಕೆನ್ನೆಗೆ ಫಿಲ್ಲರ್: ಚುಚ್ಚುವ ಮುಂಚಿನ ವಾರ, ಆಮೇಲಿನ ಹದಿನೈದು ದಿನ

ಎರಡು ವರ್ಷದಲ್ಲಿ 12 ಕೆ.ಜಿ. ತೂಕ ಇಳಿಸಿಕೊಂಡು, ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹೆಚ್ಚು ನಿಲ್ಲದೆ ಹತ್ತುವಷ್ಟು ಆರೋಗ್ಯ ಕೂಡಿಕೊಂಡಿದ್ದರೂ, ಮದುವೆಮನೆಗಳಲ್ಲಿ ನನಗೆ ಎದುರಾಗುತ್ತಿದ್ದ ಮೊದಲ ಪ್ರಶ್ನೆ ‘ಯಾಕೇ, ಹುಷಾರಿಲ್ವಾ?’ ಎಂಬುದೇ ಆಗಿತ್ತು. ಮೈ ಇಳಿದ ಹಾಗೆ ಕೆನ್ನೆಯೂ ಒಳಗೆ ಹೋಗಿತ್ತು. 51ನೇ ವಯಸ್ಸಿನಲ್ಲಿ ಕೆನ್ನೆಗೆ ಫಿಲ್ಲರ್, ಅಂದರೆ ತಗ್ಗು ತುಂಬಲು ಚರ್ಮದಡಿ ಚುಚ್ಚುವ ಜೆಲ್, ಹಾಕಿಸಿಕೊಂಡದ್ದು ಇದೇ ಕಾರಣಕ್ಕೆ, ಮತ್ತು ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಚುಚ್ಚುವ ಕೆಲಸ ಇಪ್ಪತ್ತು ನಿಮಿಷದ್ದಾದರೆ, ಅದರ ಹಿಂದಿನ ಒಂದು ವಾರ ಮತ್ತು ಮುಂದಿನ ಹದಿನೈದು ದಿನ ನಾವೇ ಎಚ್ಚರದಿಂದ ನಡೆಸಬೇಕಾದ ಕೆಲಸ. ಈ ಭಾಗವನ್ನು ಯಾರೂ ಬಿಡಿಸಿ ಹೇಳುವುದಿಲ್ಲವೆಂದು ನಾನೇ ಬರೆಯುತ್ತಿದ್ದೇನೆ.

ಹುಬ್ಬು ತೀಡಿಸಲು ಹೋಗುವ ಪಾರ್ಲರಿನಲ್ಲಿ ‘ನಮ್ಮಲ್ಲೇ ಮಾಡ್ತೀವಿ ಮೇಡಂ, ಅರ್ಧ ರೇಟು’ ಎಂದಿದ್ದರು. ಇದು ಚರ್ಮದ ಮೇಲೆ ಹಚ್ಚುವ ಲೇಪವಲ್ಲ, ರಕ್ತನಾಳಗಳ ನಡುವೆ ಇಳಿಸುವ ಮದ್ದು. ಹಾಗಾಗಿ ಚರ್ಮರೋಗದಲ್ಲಿ ಎಂ.ಡಿ. ಮಾಡಿದ, ರಾಜ್ಯದ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಬೇಕಾದ ಕೆಪಿಎಂಇ ನೋಂದಣಿ ಪತ್ರವನ್ನು ಗೋಡೆಯ ಮೇಲೆ ಹಾಕಿದ್ದ ಬೆಂಗಳೂರಿನ ವೈದ್ಯೆಯೊಬ್ಬರ ಬಳಿಗೆ ಹೋದೆ. ಮೊದಲ ದಿನ ಅವರು ಸೂಜಿಯನ್ನು ಮುಟ್ಟಲಿಲ್ಲ. ಮುಕ್ಕಾಲು ಗಂಟೆ ಪ್ರಶ್ನೆಗಳನ್ನೇ ಕೇಳಿದರು: ಯಾವ ಮಾತ್ರೆ ನುಂಗುತ್ತೀರಿ, ತುಟಿಯ ಅಂಚಿನಲ್ಲಿ ಜ್ವರದ ಗುಳ್ಳೆ ಏಳುವುದುಂಟೇ, ಹಲ್ಲಿನ ಚಿಕಿತ್ಸೆ ಬಾಕಿ ಇದೆಯೇ, ಯಾವುದಕ್ಕಾದರೂ ಅಲರ್ಜಿಯೇ? ನಾನೂ ಒಂದು ಪ್ರಶ್ನೆ ಕೇಳಿದೆ: ಹೆಚ್ಚುಕಡಿಮೆಯಾದರೆ ಕರಗಿಸುವ ಮದ್ದು ಇಲ್ಲಿದೆಯೇ? ಅವರು ಹೈಲುರಾನಿಡೇಸ್‌ನ ಸೀಸೆಯನ್ನು ಹೊರತೆಗೆದು, ಅದರ ಮೇಲಿನ ಅವಧಿಯ ದಿನಾಂಕವನ್ನು ಸಹ ತೋರಿಸಿದರು. ಆ ಕ್ಷಣವೇ ಅವರ ಮೇಲೆ ನಂಬಿಕೆ ಬಂತು.

ನನಗೆ ಹಾಕಿದ್ದು ಹೈಲುರಾನಿಕ್ ಆಮ್ಲದ ಜೆಲ್. ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ ಸಹಜವಾಗಿಯೇ ಇರುವ, ನೀರನ್ನು ಹಿಡಿದಿಟ್ಟುಕೊಳ್ಳುವ ವಸ್ತು ಇದು. 1934ರಲ್ಲಿ ಕಾರ್ಲ್ ಮೆಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನಿಂದ. ಇದನ್ನು ಕೇಳಿದ ಅಮ್ಮ ‘ಹಾಗಾದ್ರೆ ಅದು ಪ್ರಾಣಿಯಿಂದ ತೆಗೆದದ್ದೇನೇ?’ ಎಂದು ಗಾಬರಿಯಾದರು. ಈಗಿನ ಇಂತಹ ಫಿಲ್ಲರ್‌ಗಳನ್ನು ಸಾಮಾನ್ಯವಾಗಿ ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ ಎಂದು ವೈದ್ಯೆ ವಿವರಿಸಿದ ಮೇಲೆಯೇ ಅವರಿಗೆ ಸಮಾಧಾನ. ಒಂದು ಸಿರಿಂಜಿನಲ್ಲಿ ಇರುವುದು 1 ಮಿ.ಲೀ., ಅಂದರೆ ಒಂದು ಟೀ ಚಮಚದ ಐದನೆಯ ಒಂದು ಪಾಲು. ನನ್ನ ಎರಡು ಕೆನ್ನೆಗೂ ಸೇರಿ ಹಿಡಿದದ್ದು ಅಂತಹ ಎರಡು ಸಿರಿಂಜು.

ಮುಂಚಿನ ವಾರದಲ್ಲಿ ಮೀನೆಣ್ಣೆ, ವಿಟಮಿನ್ ಇ ಮತ್ತು ಬೆಳ್ಳುಳ್ಳಿಯ ಕ್ಯಾಪ್ಸೂಲುಗಳನ್ನು ನಿಲ್ಲಿಸಬೇಕಿತ್ತು, ಏಕೆಂದರೆ ಇವು ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸಿ ನೀಲಿ ಕಲೆಗಳನ್ನು ಹೆಚ್ಚಿಸಬಲ್ಲವು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಮಾತ್ರ ತಮ್ಮ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಲೇಬಾರದು. ಕೆನ್ನೆಗಿಂತ ಹೃದಯ ದೊಡ್ಡದು. ಇಷ್ಟೆಲ್ಲ ತಿಳಿದಿದ್ದೂ ನಾನು ಎಡವಿದೆ. ನಿಗದಿಯಾದ ದಿನಕ್ಕೆ ಎರಡು ದಿನ ಮೊದಲು ತಲೆನೋವೆಂದು ಮೆಡಿಕಲ್ ಅಂಗಡಿಯ ಮಾತ್ರೆಯೊಂದನ್ನು ನುಂಗಿದ್ದೆ. ಅದರಲ್ಲಿ ಪ್ಯಾರಸಿಟಮಾಲ್ ಜೊತೆಗೆ, ರಕ್ತ ಹೆಪ್ಪುಗಟ್ಟುವುದನ್ನು ಹೀಗೆಯೇ ನಿಧಾನಗೊಳಿಸುವ ಐಬುಪ್ರೊಫೇನ್ ಸಹ ಇದ್ದುದನ್ನು ಪಟ್ಟಿಯ ಹಿಂಬದಿ ತಿರುಗಿಸಿ ಓದಿರಲಿಲ್ಲ. ವಿಷಯ ತಿಳಿದ ವೈದ್ಯೆ ದಿನವನ್ನು ಒಂದು ವಾರ ಮುಂದಕ್ಕೆ ಹಾಕಿದರು. ದೀಪಾವಳಿಗೆ ಹದಿನಾರು ದಿನ ಮೊದಲು ಮುಗಿಯಬೇಕಾಗಿದ್ದ ಕೆಲಸ ಒಂಬತ್ತೇ ದಿನ ಮೊದಲು ನಡೆಯುವಂತಾಯಿತು.

ಆ ದಿನ ಫೋಟೊ ತೆಗೆದು, ಮರಗಟ್ಟಿಸುವ ಮುಲಾಮು ಹಚ್ಚಿ, ಮುಖವನ್ನು ಶುಚಿಗೊಳಿಸಿ, ಕ್ಯಾನುಲಾ ಎಂಬ ಮೊಂಡು ತುದಿಯ ತೆಳು ಕೊಳವೆಯಿಂದ ಜೆಲ್ಲನ್ನು ನಿಧಾನವಾಗಿ ಇಳಿಸಿದರು. ನೋವಿಗಿಂತ ಒಳಗೆ ಏನೋ ಸರಿದಾಡಿದಂತಹ ಅನುಭವ. ಮುಗಿದ ಮೇಲೆ ಅವರು ಕೆನ್ನೆಯನ್ನು ಬೆರಳಿನಿಂದ ಒತ್ತಿ ಬಿಟ್ಟು, ಬಿಳಿಚಿದ ಜಾಗಕ್ಕೆ ಬಣ್ಣ ಮರಳುವುದನ್ನು ನೋಡಿದರು. ಒಂದೆರಡು ಸೆಕೆಂಡಿನಲ್ಲಿ ಬಣ್ಣ ಮರಳಿದರೆ ರಕ್ತ ಹರಿಯುತ್ತಿದೆ ಎಂದರ್ಥ. ಜೆಲ್ಲು ಅಪಧಮನಿಯೊಳಗೆ ಹೋದರೆ ಅಥವಾ ಅದನ್ನು ಒತ್ತಿದರೆ ಅಲ್ಲಿನ ಚರ್ಮಕ್ಕೆ ರಕ್ತ ನಿಲ್ಲುತ್ತದೆ. ಚರ್ಮ ಬಿಳಿಚುವುದು, ಬಲೆ ಹೆಣೆದಂತೆ ನೇರಳೆ ಗೆರೆಗಳು ಮೂಡುವುದು, ನೋವು ತಗ್ಗದೆ ಏರುತ್ತಾ ಹೋಗುವುದು ಅದರ ಲಕ್ಷಣಗಳು. ಬಹಳ ಅಪರೂಪಕ್ಕೆ ಕಣ್ಣಿನ ದೃಷ್ಟಿಯೇ ಹೋಗಬಹುದು. ನಮ್ಮಂತಹ ಕಂದು ಬಣ್ಣದ ಚರ್ಮದಲ್ಲಿ ಬಿಳಿಚುವಿಕೆ ಬೇಗ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಎರಡು ಕೆನ್ನೆಗಳನ್ನೂ ಹೋಲಿಸಿ ನೋಡಬೇಕೆಂದು ಹೇಳಿ, ಕನ್ನಡಿ ಕೊಟ್ಟು ನನ್ನ ಕೈಯಲ್ಲೇ ಒತ್ತಿಸಿ ಕಲಿಸಿದರು. ಇಂತಹ ಸಂದರ್ಭದಲ್ಲಿ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಆಗಬೇಕು. ಕಣ್ಣು ಮಂಜಾದರಂತೂ ಒಂದು ನಿಮಿಷವೂ ಕಾಯಬಾರದು. ಆದ್ದರಿಂದ ಅಂದೇ ಮೈಸೂರಿನ ರೈಲು ಹತ್ತದೆ, ಜಯನಗರದ ಅಕ್ಕನ ಮನೆಯಲ್ಲಿ ಎರಡು ರಾತ್ರಿ ಉಳಿದುಕೊಂಡೆ.

ಎರಡನೆಯ ಬೆಳಿಗ್ಗೆ ಕನ್ನಡಿ ನೋಡಿ ಎದೆ ಧಸಕ್ಕೆಂದಿತು. ಬಲಗೆನ್ನೆ ಎಡಗೆನ್ನೆಗಿಂತ ಹೆಚ್ಚು ಊದಿಕೊಂಡು ಕಣ್ಣಿನ ಕೆಳಗಿನವರೆಗೂ ಏರಿತ್ತು. ಒತ್ತಿ ನೋಡಿದರೆ ಬಣ್ಣ ಸರಿಯಾಗಿಯೇ ಮರಳುತ್ತಿತ್ತು, ನೋವೂ ಹೆಚ್ಚಿರಲಿಲ್ಲ. ಫೋಟೊ ಕಳುಹಿಸಿದಾಗ ವೈದ್ಯೆ, ಎರಡು ಮೂರು ದಿನ ಊತ ಏರುವುದು ಸಹಜವೆಂದೂ ಎರಡು ವಾರ ಕಳೆಯುವ ಮುನ್ನ ಕೆನ್ನೆಯ ಆಕಾರವನ್ನು ತೀರ್ಮಾನಿಸಬಾರದೆಂದೂ ಹೇಳಿದರು. ಬಟ್ಟೆಯಲ್ಲಿ ಸುತ್ತಿದ ಐಸನ್ನು ಒತ್ತದೆ, ಸುಮ್ಮನೆ ತಾಗಿಸಿ ಹತ್ತು ನಿಮಿಷ ಹಿಡಿಯುತ್ತಿದ್ದೆ. ಎರಡು ದಿಂಬು ಇಟ್ಟುಕೊಂಡು ಅಂಗಾತ ಮಲಗುತ್ತಿದ್ದೆ. ಅಕ್ಕ ನನ್ನನ್ನು ದೋಸೆಕಾವಲಿಯ ಹತ್ತಿರಕ್ಕೂ ಬಿಡಲಿಲ್ಲ, ಏಕೆಂದರೆ ಶಾಖ, ಹಬೆ, ಸುಡುಬಿಸಿಲು, ಓಟ ಎಲ್ಲವೂ ಊತವನ್ನು ಹೆಚ್ಚಿಸುತ್ತವೆ. ಬಲಗಣ್ಣಿನ ಕೆಳಗಿನ ಕಲೆ ನೇರಳೆಯಿಂದ ಹಸಿರಾಗಿ, ಎಂಟನೆಯ ದಿನಕ್ಕೆ ಅರಿಶಿನ ಸವರಿದಷ್ಟು ಹಳದಿಯಾಗಿ ಉಳಿಯಿತು. ಚರ್ಮದಡಿ ಕಡಲೆಬೇಳೆಯಷ್ಟು ಗಂಟೊಂದು ಬೆರಳಿಗೆ ತಾಗುತ್ತಿತ್ತು. ತೀಡಿ ಸರಿಮಾಡಬೇಕೆಂಬ ಆಸೆಯನ್ನು ದಿನವೂ ತಡೆದುಕೊಂಡೆ, ಅದು ತಾನಾಗಿಯೇ ಇಳಿಯಿತು.

ಕಷ್ಟವಾದದ್ದು ಒಂಬತ್ತನೆಯ ದಿನ. ನರಕ ಚತುರ್ದಶಿಯ ಬೆಳಗಿನ ಜಾವ ಅಮ್ಮ ಬಿಸಿ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದರು. ಹಂಡೆಯ ನೀರು ಕುದಿಯುತ್ತಿತ್ತು. ಎರಡು ವಾರ ಮುಖ ತಿಕ್ಕಬಾರದು, ಹಬೆಗೆ ಒಡ್ಡಬಾರದು ಎಂದಾಗ ಅವರ ಮುಖ ಚಿಕ್ಕದಾಯಿತು. ವೈದ್ಯೆಯನ್ನು ಮೊದಲೇ ಕೇಳಿಟ್ಟಿದ್ದೆ: ನೆತ್ತಿಗೆ ಹಗುರವಾಗಿ ಎಣ್ಣೆ ಇಟ್ಟು, ಉಗುರುಬೆಚ್ಚಗಿನ ನೀರು ಹಾಕಿಕೊಳ್ಳಬಹುದು. ಅಮ್ಮ ಮೂರು ಬೆರಳಿನಿಂದ ನೆತ್ತಿಗೆ ಎಣ್ಣೆ ತಟ್ಟಿ, ಅಂಗೈ ಅಂಗಾಲಿಗೆ ಸವರಿ, ಮುಖವನ್ನು ಬಿಟ್ಟು ಆರತಿ ಎತ್ತಿದರು.

ಹದಿನೈದನೆಯ ದಿನದ ಭೇಟಿಯಲ್ಲಿ ಎರಡು ಕೆನ್ನೆಗಳೂ ಸಮವಾಗಿದ್ದವು. ಇನ್ನೊಂದು ಸಿರಿಂಜು ಬೇಡವೆಂದು ವೈದ್ಯೆಯೇ ಹೇಳಿದರು. ವಾರಗಳೋ ತಿಂಗಳುಗಳೋ ಕಳೆದ ಮೇಲೂ ಕೆನ್ನೆ ಕೆಂಪಾಗಿ ಗಟ್ಟಿಯಾಗಿ ಊದಿಕೊಂಡರೆ ಬರಬೇಕೆಂದು ತಿಳಿಸಿ, ಸಿರಿಂಜಿನ ಬ್ಯಾಚ್ ಸಂಖ್ಯೆಯ ಸ್ಟಿಕ್ಕರನ್ನು ಕಾರ್ಡಿಗೆ ಅಂಟಿಸಿ, ದಿನಾಂಕ ಬರೆದು ಕೊಟ್ಟರು. ಅದು ನನ್ನ ಪರ್ಸಿನಲ್ಲಿ ಆಧಾರ್ ಕಾರ್ಡಿನ ಹಿಂದೆಯೇ ಇದೆ. ಕಳೆದ ತಿಂಗಳು ಹಲ್ಲಿನ ವೈದ್ಯರ ಬಳಿ ಹೋದಾಗ, ಬಾಯಿ ತೆರೆಯುವ ಮೊದಲೇ ಅದನ್ನು ಅವರ ಕೈಗಿತ್ತೆ.