ಪುಟ್ಟ ಮಕ್ಕಳಿಗೆ ಅಂಥಾದ್ದೇನು ಟೆನ್ಶನ್?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಓದಿ ಅನ್ನುತ್ತೇನೆ.

ನಾನು ಅಮೆರಿಕದ ಫಿಲಡೆಲ್ಫಿಯಾ ಹತ್ತಿರದ ಒಂದು ಕ್ವೇಕರ್ ಶಾಲೆಯಲ್ಲಿ ಕೌನ್ಸೆಲರ್, ಅಂದರೆ ಮಕ್ಕಳ ಮನಸ್ಸಿನ ಕಷ್ಟ ಕೇಳುವವಳು. ಕಿಂಡರ್‌ಗಾರ್ಟನ್‌ನಿಂದ ಐದನೇ ಕ್ಲಾಸಿನವರೆಗಿನ ಮಕ್ಕಳು ನನ್ನ ಪಾಲಿಗೆ. ಹೋದ ಡಿಸೆಂಬರ್‌ನಲ್ಲಿ ಮೈಸೂರಲ್ಲಿ ಒಂದು ಗೃಹಪ್ರವೇಶ. ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ಚಿಕ್ಕಪ್ಪ ಸಾರನ್ನ ಕಲೆಸುತ್ತಾ ಕೇಳಿದರು. "ಅಲ್ಲಮ್ಮಾ, ಒಂದನೇ ಕ್ಲಾಸ್ ಮಕ್ಕಳಿಗೆ ಅಂಥಾದ್ದೇನು ಟೆನ್ಶನ್? ಮನೆ ಸಾಲವಾ, ಮಗಳ ಮದುವೆಯಾ?" ಇಡೀ ಸಾಲು ನಕ್ಕಿತು. ಅಷ್ಟರಲ್ಲಿ ಪಾಯಸ ಬಂತು, ಮಾತು ಬೇರೆ ಕಡೆ ಹೋಯಿತು. ಅವತ್ತು ಹೇಳಬೇಕಿದ್ದದ್ದನ್ನು ಈಗ ಹೇಳುತ್ತಿದ್ದೇನೆ.

ಮೊದಲು ಓಟ್ಸ್ ವಿಷಯ ಮುಗಿಸಿಬಿಡುತ್ತೇನೆ. ಕ್ವೇಕರ್ ಅಂದ ತಕ್ಷಣ ಎಲ್ಲರಿಗೂ ಅಂಗಡಿಯಲ್ಲಿರುವ ಡಬ್ಬ ನೆನಪಾಗುತ್ತದೆ. ಕ್ವೇಕರ್ ಅನ್ನುವುದು ಒಂದು ಕ್ರೈಸ್ತ ಪಂಥ. ಆ ಓಟ್ಸಿಗೂ ಈ ಪಂಥಕ್ಕೂ ಸಂಬಂಧವಿಲ್ಲ. ಹೆಸರಿಗೆ ಮರ್ಯಾದೆ ಇತ್ತು, 1877ರಲ್ಲಿ ಓಟ್ಸ್ ಕಂಪನಿಯವರು ಅದನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು, ಅಷ್ಟೆ. ಪಂಥ ಹುಟ್ಟಿದ್ದು 1650ರ ಆಸುಪಾಸಿನ ಇಂಗ್ಲೆಂಡಿನಲ್ಲಿ, ಜಾರ್ಜ್ ಫಾಕ್ಸ್ ಅನ್ನುವವರ ಮಾತಿನಿಂದ. ಎಲ್ಲರೊಳಗೂ ದೇವರ ಅಂಶ ಇದೆ, ನಡುವೆ ಪಾದ್ರಿ ಬೇಡ ಅನ್ನುವುದು ಅವರ ನಂಬಿಕೆ. 1682ರಲ್ಲಿ ಫಿಲಡೆಲ್ಫಿಯಾ ಊರು ಕಟ್ಟಿಸಿದ ವಿಲಿಯಂ ಪೆನ್ ಕೂಡ ಕ್ವೇಕರೇ. 1689ರಿಂದಲೇ ಈ ಊರಲ್ಲಿ ಅವರ ಶಾಲೆ ಇದೆ. ನಮ್ಮ ಶಾಲೆಯ ಮಕ್ಕಳಲ್ಲಿ ಕ್ವೇಕರರು ಕಡಿಮೆ. ಯಹೂದಿ, ಮುಸ್ಲಿಂ, ಹಿಂದೂ, ಯಾವ ದೇವರೂ ಇಲ್ಲದವರು, ಎಲ್ಲರೂ ಬರುತ್ತಾರೆ.

ಇನ್ನು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ. ಮಾತ್ರೆ ಕೊಡುವುದಿಲ್ಲ, ಕಾಯಿಲೆಗೆ ಹೆಸರಿಡುವುದಿಲ್ಲ. ಜಾಸ್ತಿ ಸಹಾಯ ಬೇಕಾದ ಮಗುವನ್ನು ಹೊರಗಿನ ಥೆರಪಿಸ್ಟ್ ಹತ್ತಿರ ಕಳಿಸುತ್ತೇನೆ. ಮಗುವಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದಾರೆ ಅಂತ ಅನುಮಾನ ಬಂದರೆ ನಾನೇ ಸರ್ಕಾರಕ್ಕೆ ತಿಳಿಸಬೇಕು. ನಮ್ಮ ರಾಜ್ಯ ಪೆನ್ಸಿಲ್ವೇನಿಯಾದ ಕಾನೂನು ಹಾಗಿದೆ. ಯಾರ ಒಪ್ಪಿಗೆಗೂ ಕಾಯುವಂತಿಲ್ಲ.

ದಿನದ ಬಹುಪಾಲು ಹೋಗುವುದು ಬೇರೆ ವಿಷಯಗಳಿಗೆ. ಅಮ್ಮನ ದುಪ್ಪಟ್ಟಾ ಬಿಡದೆ ಗೇಟಲ್ಲೇ ನಿಂತ ಐದು ವರ್ಷದ ಮಗು. ಮೂರು ದಿನ ಅಪ್ಪನ ಮನೆ, ನಾಲ್ಕು ದಿನ ಅಮ್ಮನ ಮನೆ ಅಂತ ಓಡಾಡುತ್ತಾ ಯಾವ ಮನೆಯಲ್ಲಿ ಪುಸ್ತಕ ಬಿಟ್ಟೆ ಅಂತ ಅಳುವ ಹುಡುಗ. ಊಟದ ಟೇಬಲ್ಲಿನಲ್ಲಿ ಗೆಳತಿಯರಿಂದ "ಇಲ್ಲಿ ಜಾಗ ಇಲ್ಲ" ಅನ್ನಿಸಿಕೊಂಡ ಹುಡುಗಿ. ಚಿಕ್ಕಪ್ಪ, ಆ ಮಾತು ಎಂಟು ವರ್ಷದವಳಿಗೆ ನಿಮ್ಮ ಮನೆ ಸಾಲಕ್ಕಿಂತ ಸಣ್ಣದಲ್ಲ. ಮದುವೆಮನೆಯಲ್ಲಿ ಮೊದಲನೇ ಪಂಕ್ತಿಗೆ ಕರೆಯಲಿಲ್ಲ ಅಂತ ನೀವು ಭಾವಮೈದನ ಜೊತೆ ಆರು ವರ್ಷ ಮಾತು ಬಿಟ್ಟಿದ್ದಿರಿ, ಅಲ್ವಾ?

"ಅಂದ್ರೆ ಹುಚ್ಚರ ಡಾಕ್ಟರ್ ಥರಾನಾ?" ಅಂತ ಕೇಳುವವರೂ ಇದ್ದಾರೆ. ಆ ಪದ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನನಗೆ ಅವಮಾನ ಅಂತಲ್ಲ, ಅದು ಕೇಳಿದರೆ ಒಬ್ಬ ಹೆಂಗಸಿನ ಸಾವು ನೆನಪಾಗುತ್ತದೆ ಅಂತ. 1790ರಲ್ಲಿ ಇಂಗ್ಲೆಂಡಿನ ಯಾರ್ಕ್ ಊರಿನ ಹುಚ್ಚಾಸ್ಪತ್ರೆಯಲ್ಲಿ ಹ್ಯಾನಾ ಮಿಲ್ಸ್ ಅನ್ನುವ ಕ್ವೇಕರ್ ಹೆಂಗಸು ತೀರಿಕೊಂಡಳು. ನೋಡಲು ಹೋದ ಕ್ವೇಕರರನ್ನು ಒಳಗೇ ಬಿಟ್ಟಿರಲಿಲ್ಲ. ಅದಾದ ಮೇಲೆ ವಿಲಿಯಂ ಟ್ಯೂಕ್ ಅನ್ನುವ ಟೀ ವ್ಯಾಪಾರಿ ಮುಂದೆ ನಿಂತು ಬೇರೆ ಥರದ ಜಾಗ ಕಟ್ಟಿಸಿದ. 1796ರಲ್ಲಿ ಬಾಗಿಲು ತೆರೆಯಿತು. ಅಲ್ಲಿ ಸರಪಳಿ ಇರಲಿಲ್ಲ. ತೋಟದ ಕೆಲಸ ಇತ್ತು, ಜೊತೆಯಲ್ಲಿ ಕೂತು ಊಟ ಇತ್ತು, ಮರ್ಯಾದೆಯ ಮಾತು ಇತ್ತು. ಅದನ್ನು ನೋಡಿಯೇ ಫಿಲಡೆಲ್ಫಿಯಾದ ಕ್ವೇಕರರೂ ಒಂದು ಆಸ್ಪತ್ರೆ ಕಟ್ಟಿ 1817ರಲ್ಲಿ ತೆರೆದರು. ನನ್ನ ಕೆಲಸದ ಬೇರು ಅಲ್ಲೂ ಒಂದಿದೆ ಅಂತ ನಾನು ಅಂದುಕೊಂಡಿದ್ದೇನೆ. ನನಗೆ ಅದರ ಬಗ್ಗೆ ಹೆಮ್ಮೆ ಇದೆ.

"ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ನಮ್ಮನೆಯಲ್ಲಂತೂ ಇತ್ತು. ಅವರೆಕಾಯಿ ಕಾಲದಲ್ಲಿ ಅಜ್ಜಿ ನೆನೆಸಿದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿತ್ತಲ ಬಾಗಿಲಲ್ಲಿ ಕೂರುತ್ತಿದ್ದರು. ನಾನು ಸ್ಕೂಲಿಂದ ಬಂದು ಪಕ್ಕದಲ್ಲಿ ಕೂತು ಹಿಸುಕುತ್ತಿದ್ದೆ. ಬೇಳೆ ಪುಳಕ್ ಅಂತ ಹೊರಗೆ ಬರುತ್ತಿತ್ತು. ಅಜ್ಜಿ ನನ್ನ ಮುಖ ನೋಡುತ್ತಿರಲಿಲ್ಲ, ಏನೂ ಕೇಳುತ್ತಲೂ ಇರಲಿಲ್ಲ. ಅರ್ಧ ಪಾತ್ರೆ ಮುಗಿಯುವಷ್ಟರಲ್ಲಿ ಟೀಚರ್ ಬೈದದ್ದು, ನಾನು ಸುಳ್ಳು ಹೇಳಿದ್ದು, ಎಲ್ಲ ನನ್ನ ಬಾಯಿಂದ ಹೊರಗೆ ಬಂದಿರುತ್ತಿತ್ತು. ಈಗ ನನ್ನ ರೂಮಿನ ಮೇಜಿನ ಮೇಲೆ ಯಾವಾಗಲೂ ಜೇಡಿಮಣ್ಣು ಇರುತ್ತದೆ. ಮಕ್ಕಳು ನಾದುತ್ತಾರೆ, ನಾನೂ ನಾದುತ್ತೇನೆ. ಇಬ್ಬರ ಕಣ್ಣೂ ಮಣ್ಣಿನ ಮೇಲೆ.

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. "ಮಗು ಮಾತೇ ಆಡದಿದ್ದರೆ ಏನ್ ಮಾಡ್ತೀಯ?" ಇದನ್ನು ಕೇಳಿ, ಸಂಜೆಯವರೆಗೂ ಹೇಳುತ್ತೇನೆ.

ನಮ್ಮ ಶಾಲೆಯಲ್ಲಿ ಪ್ರತಿ ಬುಧವಾರ ಎಲ್ಲರೂ ಮೀಟಿಂಗ್ ಹೌಸಿನಲ್ಲಿ, ಅಂದರೆ ಕ್ವೇಕರರ ಪ್ರಾರ್ಥನೆಯ ಮನೆಯಲ್ಲಿ, ಕೂರುತ್ತಾರೆ. ಮರದ ಬೆಂಚು, ಬಿಳೀ ಗೋಡೆ. ವಿಗ್ರಹ ಇಲ್ಲ, ಹಾಡು ಇಲ್ಲ, ಪ್ರವಚನ ಇಲ್ಲ. ಪುಟ್ಟ ಮಕ್ಕಳೂ ಇಪ್ಪತ್ತು ನಿಮಿಷ ಮೌನವಾಗಿರುತ್ತಾರೆ. ಯಾರಿಗಾದರೂ ಹೇಳಲೇಬೇಕು ಅನ್ನಿಸಿದರೆ ಎದ್ದು ನಿಂತು ಹೇಳಬಹುದು, ಮಕ್ಕಳೂ ಹೇಳಬಹುದು. ಕೊನೆಗೆ ಪಕ್ಕದವರ ಕೈ ಕುಲುಕಿ ಏಳುತ್ತಾರೆ. ಈ ಮೌನದ ಬಗ್ಗೆ ಶಾಲೆಗೆ ತುಂಬ ಪ್ರೀತಿ. ನನಗೂ ಪ್ರೀತಿಯೇ. ಆದರೆ ಮೌನ ಎಲ್ಲ ಮಕ್ಕಳಿಗೂ ತಂಪಾಗಿರುವುದಿಲ್ಲ. ಅದನ್ನು ಗಮನಿಸುವುದು ನನ್ನ ಕೆಲಸ.

ಎರಡನೇ ಕ್ಲಾಸಿನ ಒಬ್ಬ ಹುಡುಗ (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ) ಬುಧವಾರ ಬಂತೆಂದರೆ ಹೊಟ್ಟೆನೋವು ಅಂತ ನರ್ಸ್ ಹತ್ತಿರ ಹೋಗುತ್ತಿದ್ದ. ಮೂರನೇ ವಾರ ನರ್ಸ್ ನನ್ನ ಹತ್ತಿರ ಕಳಿಸಿದರು. ಬಂದ, ಕೂತ, ಮಣ್ಣಲ್ಲಿ ಒಂದು ಚಪ್ಪಟೆ ಡಬ್ಬ ಮಾಡಿದ, ಹೋದ. ಒಂದು ಮಾತಿಲ್ಲ. ಮುಂದಿನ ವಾರವೂ ಡಬ್ಬ. ಅದೇನು ಅಂತ ಕೇಳಲು ನಾಲಿಗೆ ತುದಿಗೆ ಬಂದಿತ್ತು, ತಡೆದುಕೊಂಡೆ. ಮೂರನೇ ಸಲ ಡಬ್ಬದ ಮೇಲೆ ಉಗುರಿನಿಂದ ಅಂಕುಡೊಂಕು ಗೆರೆ ಎಳೆಯುತ್ತಾ ಅವನೇ ಹೇಳಿದ. "ಎಲ್ಲರೂ ಸುಮ್ಮನಾದಾಗ ನನಗೆ ಇದು ಕೇಳಿಸುತ್ತೆ. ಬೀಪ್, ಬೀಪ್." ಬೇಸಿಗೆ ರಜೆಯಲ್ಲಿ ಅವನ ತಾತ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಇವನನ್ನು ಆ ರೂಮಿನ ಮೂಲೆಯ ಕುರ್ಚಿಯಲ್ಲಿ ಕೂರಿಸಿದ್ದರಂತೆ.

ಆ ಮಧ್ಯಾಹ್ನವೇ ಅವನ ಅಮ್ಮನ ಜೊತೆ ಮಾತಾಡಿದೆ. ಹೇಳುತ್ತೇನೆ ಅಂತ ಮೊದಲೇ ಅವನಿಗೆ ತಿಳಿಸಿದ್ದೆ, ತಲೆ ಆಡಿಸಿದ್ದ. ಆಮೇಲೆ ಅವನಿಗೇ ಕೇಳಿದೆವು, ಎಲ್ಲಿ ಕೂತರೆ ವಾಸಿ ಅಂತ. ಬಾಗಿಲ ಪಕ್ಕ ಅಂದ. ಬುಧವಾರ ಬಾಗಿಲ ಪಕ್ಕದ ಬೆಂಚಲ್ಲಿ ಅವನು, ಅವನ ಪಕ್ಕ ನಾನು. ಎರಡು ಸಲ ನಡುವೆ ಎದ್ದು ಹೊರಗೆ ಹೋದೆವು, ಮೇಪಲ್ ಮರಕ್ಕೆ ಒಂದು ಸುತ್ತು ಹಾಕಿ ಬಂದೆವು. ಐದನೇ ವಾರಕ್ಕೆ ಏಳಲಿಲ್ಲ.

ಮತ್ತೊಂದು ತಿಂಗಳಾದ ಮೇಲೆ ಮೌನದ ಮಧ್ಯೆ ಪಕ್ಕದಲ್ಲಿ ಬೆಂಚು ಕಿರ್ ಅಂದಿತು. ಹೊರಗೆ ಹೋಗಬೇಕೇನೋ ಅಂತ ನಾನೂ ಅರ್ಧ ಎದ್ದೆ. ಅವನು ನನ್ನ ಕಡೆ ನೋಡಲೇ ಇಲ್ಲ. ನಿಂತುಕೊಂಡು ಹೇಳಿದ. "ನಮ್ಮ ತಾತ ಟೊಮ್ಯಾಟೊಗೆ ಉಪ್ಪು ಹಾಕಿ ಸೇಬಿನ ಥರ ಕಚ್ಚಿ ತಿನ್ನುತ್ತಿದ್ದರು." ಕೂತುಬಿಟ್ಟ. ನೂರಾರು ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ. ಮತ್ತೆ ಮೌನ.

ಮುಂದಿನ ಬುಧವಾರ ಮತ್ತೆ ಹೊಟ್ಟೆನೋವು ಅಂತ ಬಂದ. ಜೇಡಿಮಣ್ಣು ಇಟ್ಟಿದ್ದ ಡಬ್ಬಿ ತೆಗೆದೆ. "ಬೇಡ" ಅಂತ ಮೇಜಿನ ಮೇಲೆ ತಲೆ ಇಟ್ಟ. ಹಣೆ ಮುಟ್ಟಿದರೆ ಸುಡುತ್ತಿತ್ತು. ನರ್ಸ್ ನೋಡಿದರು, 101 ಡಿಗ್ರಿ ಜ್ವರ. ಅಮ್ಮನಿಗೆ ಫೋನ್ ಮಾಡಿ ಮನೆಗೆ ಕಳಿಸಿದೆವು.